ಮೊದಲ ಓದುಗ: ಭಾರತೀಯ ಕಥಾಸಾಹಿತ್ಯದಲ್ಲಿ ಗ್ರಂಥಕರ್ತನ ಹುಟ್ಟು

೧

ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ ಎಂದೂ ಭಾವಯಿತ್ರೀ ಎಂದೂ ಎರಡಾಗಿ ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಮೊದಲನೆಯದು ಕವಿಯದು, ಎರಡನೆಯದು ಭಾವಕನದು. ಈ ಎರಡನೆಯದರಿಂದಲೇ ಕವಿಯ ವ್ಯಾಪಾರವೆಂಬ ವೃಕ್ಷವು ಫಲಿಸತಕ್ಕದ್ದು, ಅದಿಲ್ಲದಿದ್ದರೆ ಬಂಜೆಮರವೇ ಸರಿ ಎಂಬುದು ಆತನ ಅಭಿಪ್ರಾಯ. ಅಷ್ಟಕ್ಕೇ ನಿಲ್ಲದೆ ಭಾವಕರಲ್ಲಿ ನಾಲ್ಕು ಬಗೆಯವರನ್ನು ಆತನು ಎಣಿಸುತ್ತಾನೆ: ಯಾವುದನ್ನು ಬಡಿಸಿದರೂ ರುಚಿಸದ ಅರೋಚಕಿ, ಅನ್ನದೊಡನೆ ಹುಲ್ಲನ್ನೂ ನುಂಗಿಬಿಡುವ ಸತೃಣಾಭ್ಯವಹಾರಿ, ಗುಣವನ್ನು ಕಂಡೂ ಬಾಯಿಬಿಡದ ಮತ್ಸರಿ, ತಿರುಳನ್ನು ಅರಸಿ ಹಿಡಿಯುವ ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರಕ್ಕೊಬ್ಬನು.

ಈ ವಿಭಾಗವನ್ನು ನಾವು ಸಾಮಾನ್ಯವಾಗಿ ಗ್ರಂಥವು ಲೋಕಕ್ಕೆ ಬಂದಮೇಲೆ ಅದನ್ನು ಓದುವವರಿಗೆ ಅನ್ವಯಿಸುತ್ತೇವೆ. ಆದರೆ ಅಚ್ಚಿನ ಯುಗದಲ್ಲಿ ಗ್ರಂಥವು ಗ್ರಂಥವಾಗುವುದಕ್ಕೆ ಮುಂಚೆಯೇ ಒಬ್ಬ ಭಾವಕನು ಬಾಗಿಲಲ್ಲಿ ನಿಂತಿರುತ್ತಾನೆ. ಆತನು ಪ್ರಕಾಶಕನಾಗಿರಬಹುದು, ಪತ್ರಿಕೆಯ ಸಂಪಾದಕನಾಗಿರಬಹುದು, ಅಚ್ಚುಕೂಟದ ಯಜಮಾನನಾಗಿರಬಹುದು, ಮುಂಗಡ ಹಣ ಕಟ್ಟಿದ ಚಂದಾದಾರನೂ ಆಗಿರಬಹುದು. ಆತನು ಒಪ್ಪಿದರೆ ಹಸ್ತಪ್ರತಿಯು ಗ್ರಂಥವಾಗುತ್ತದೆ. ಒಲ್ಲೆನೆಂದರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಇಂಥವನನ್ನು ಈ ಲೇಖನದಲ್ಲಿ ‘ಮೊದಲ ಓದುಗ’ನೆಂದು ಕರೆಯುತ್ತೇನೆ. ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ದಾನಮಾಡಿದ ಅತ್ತಿಮಬ್ಬೆಯನ್ನು ನೆನೆದರೆ, ಈ ಪಾತ್ರವು ನಮ್ಮ ನಾಡಿಗೆ ಅಚ್ಚಿನ ಯಂತ್ರದೊಡನೆ ಬಂದದ್ದಲ್ಲವೆಂಬುದೂ ತಿಳಿಯುತ್ತದೆ. ಯಂತ್ರವು ಬಂದಮೇಲೆ ಆ ಪಾತ್ರಕ್ಕೆ ಅಧಿಕಾರವು ಹೆಚ್ಚಿತು, ಅಷ್ಟೇ ಭೇದ.

ಗ್ರಂಥಕರ್ತನಾಗುವ ಅನುಭವವನ್ನು ನಮ್ಮ ವಿಮರ್ಶಕರು ಇದುವರೆಗೆ ಜೀವನಚರಿತ್ರಕಾರರಿಗೆ ಬಿಟ್ಟುಕೊಟ್ಟಿದ್ದಾರೆ. ಹಸ್ತಪ್ರತಿಯು ಎಷ್ಟು ಸಲ ಹಿಂದಿರುಗಿತು, ಯಾರು ಕೈಹಿಡಿದರು ಎಂಬಿವು ಸ್ವಾರಸ್ಯವಾದ ಸಂಗತಿಗಳೆಂದೂ ಕೃತಿಯ ಗುಣದೋಷಗಳಿಗೆ ಹೊರಗಿನವೆಂದೂ ಎಣಿಸುವುದು ವಾಡಿಕೆ. ಈ ವಾಡಿಕೆಯು ಪೂರ್ಣವಾಗಿ ಸರಿಯಲ್ಲ. ಮೊದಲ ಓದುಗನ ಗುರುತು ಕೃತಿಯ ಒಳಗೇ ಬೀಳುತ್ತದೆ. ಆದರೆ ಅದು ಮೊದಲ ಕೃತಿಯಲ್ಲಿ ಕಾಣುವುದು ಅಪೂರ್ವ. ಮೊದಲ ಕೃತಿಯನ್ನು ಬರೆಯುವಾಗ ಲೇಖಕನಿಗೆ ಆತನ ಪರಿಚಯವೇ ಇರುವುದಿಲ್ಲ. ಪರಿಚಯವಾದ ಮೇಲೆ ಬರೆದ ಕೃತಿಗಳಲ್ಲಿ, ಕಥಾವಸ್ತುವಿನಲ್ಲಿಯೋ ನಿರೂಪಣೆಯ ರೀತಿಯಲ್ಲಿಯೋ, ಆ ಗುರುತನ್ನು ಹುಡುಕಬೇಕು. ಇಂಗ್ಲಿಷ್, ತಮಿಳು, ಕನ್ನಡ ಈ ಮೂರು ಭಾಷೆಗಳ ಭಾರತೀಯ ಕಥಾಕಾರರಿಂದ ನಿದರ್ಶನಗಳನ್ನು ತೆಗೆದುಕೊಂಡು ಈ ಮಾತನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಆರ್. ಕೆ. ನಾರಾಯಣರ ಮೊದಲ ಕಾದಂಬರಿಯ ಕಥೆ ಸುಪ್ರಸಿದ್ಧವಾದುದು. ಮೈಸೂರಿನಲ್ಲಿ ಬರೆದ ಹಸ್ತಪ್ರತಿಯು ಇಂಗ್ಲೆಂಡಿನ ಪ್ರಕಾಶಕರಿಂದ ಒಂದಾದಮೇಲೊಂದರಂತೆ ತಿರಸ್ಕೃತವಾಯಿತು. ಆಕ್ಸ್‌ಫರ್ಡಿನಲ್ಲಿದ್ದ ಮಿತ್ರ ಪೂರ್ಣರಿಗೆ ಅದನ್ನು ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ನಾರಾಯಣರು ಬರೆದರು. ಪೂರ್ಣರು ಹಾಗೆ ಮಾಡದೆ ಅದನ್ನು ಗ್ರಹಂ ಗ್ರೀನರ ಕೈಗೆ ಮುಟ್ಟಿಸಿದರು. ಗ್ರೀನರ ಶಿಫಾರಸಿನಿಂದ ಅದು ೧೯೩೫ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯಿಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರಿನಲ್ಲಿ ಹೊರಬಂದಿತು. ಆ ಹೆಸರು ಗ್ರೀನರ ಸಲಹೆಯ ಫಲ. ನಾರಾಯಣಸ್ವಾಮಿ ಎಂಬ ಹೆಸರು ಮೊಟಕಾದದ್ದೂ ಅವರ ಮಾತಿನಿಂದಲೇ.

ಇಷ್ಟನ್ನು ಕೇಳಿದೊಡನೆ, ಮಾಲ್ಗುಡಿಯು ವಿದೇಶದ ಓದುಗನಿಗಾಗಿ ನಿರ್ಮಿತವಾದ ಊರೆಂದು ತೀರ್ಮಾನಿಸುವವರುಂಟು. ಕಾಲಕ್ರಮವು ಈ ತೀರ್ಮಾನಕ್ಕೆ ಅವಕಾಶ ಕೊಡುವುದಿಲ್ಲ. ಗ್ರೀನರು ಹಸ್ತಪ್ರತಿಯನ್ನು ಓದುವ ಹೊತ್ತಿಗೆ ಮಾಲ್ಗುಡಿಯ ರೈಲುನಿಲ್ದಾಣವೂ ಸರಯೂ ನದಿಯೂ ಆಲ್ಬರ್ಟ್ ಮಿಷನ್ ಶಾಲೆಯೂ ಸಿದ್ಧವಾಗಿದ್ದುವು. ಮೊದಲ ಓದುಗನು ಬದಲಿಸಿದ್ದು ಮುಖಪುಟವನ್ನು, ಊರನ್ನಲ್ಲ. ನಮ್ಮ ವಾದಕ್ಕೆ ಇದೊಂದು ಎಚ್ಚರಿಕೆ. ಲೇಖಕನಲ್ಲಿ ಕಾಣುವುದನ್ನೆಲ್ಲ ಪ್ರಕಾಶಕನ ತಲೆಗೆ ಕಟ್ಟಬಾರದು.

ನಾರಾಯಣರ ಮೇಲೆ ನಿಜವಾದ ಪ್ರಭಾವವನ್ನು ಬೀರಿದ ಮೊದಲ ಓದುಗನು ಲಂಡನ್ನಿನಲ್ಲಿರಲಿಲ್ಲ. ಎರಡನೆಯ ಮಹಾಯುದ್ಧವು ಇಂಗ್ಲೆಂಡಿನ ಪ್ರಕಾಶಕರೊಡನೆ ಇದ್ದ ಸಂಪರ್ಕವನ್ನು ಕಡಿಯಿತು. ೧೯೪೧ರಲ್ಲಿ ನಾರಾಯಣರು ಮೈಸೂರಿನಿಂದ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಅಲ್ಪಕಾಲದಲ್ಲಿ ನಿಂತಿತಾದರೂ ಅದೇ ಹೆಸರಿನ ಪ್ರಕಾಶನವು ಉಳಿದು, ೧೯೪೩ರಲ್ಲಿ ‘ಮಾಲ್ಗುಡಿ ಡೇಸ್’ ಎಂಬ ಕಥಾಸಂಗ್ರಹವನ್ನು ಪ್ರಕಟಿಸಿತು. ದೂರದ ಪ್ರಕಾಶಕರಿಂದ ಮಾತ್ರ ಗ್ರಂಥಕರ್ತರೆನಿಸಿದ್ದವರು ತಮ್ಮ ಊರಿನ ಅಚ್ಚುಕೂಟದ ಕಟ್ಟೆಯ ಮೇಲೆ ಕುಳಿತು ಕರಡಚ್ಚು ತಿದ್ದುವವರಾದರು. ಈ ಅನುಭವದ ಗುರುತನ್ನು ಮುಂದಿನ ಕಾದಂಬರಿಗಳಲ್ಲಿ ಬೆರಳಿಟ್ಟು ತೋರಿಸಬಹುದು.

೧೯೪೯ರ ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ಶ್ರೀನಿವಾಸನು ಒಂದು ವಾರಪತ್ರಿಕೆಯ ಸಂಪಾದಕ. ಸಂಪತ್ ಅದರ ಮುದ್ರಕ. ಸಂಪಾದಕನ ಶುದ್ಧವಾದ ಆಲೋಚನೆಗಳು ವಾರವಾರವೂ ಈ ಮಾತುಗಾರನ ಕೃಪೆಯಿಂದ ಅಕ್ಷರಗಳಾಗಬೇಕು. ಮುದ್ರಕನ ಮನಸ್ಸು ಚಲನಚಿತ್ರದ ಕಡೆಗೆ ತಿರುಗಿದಾಗ ಪತ್ರಿಕೆಯೇ ನಿಂತುಹೋಗುತ್ತದೆ. ೧೯೬೧ರ ‘ದಿ ಮ್ಯಾನ್ ಈಟರ್ ಆಫ್ ಮಾಲ್ಗುಡಿ’ಯಲ್ಲಿ ಕಥೆ ಹೇಳುವವನೇ ಮುದ್ರಕ. ನಟರಾಜನ ಅಚ್ಚುಕೂಟದ ಮುಂದಿನ ಕೋಣೆಯಲ್ಲಿ ಊರಿನವರೆಲ್ಲ ಬಂದು ಕೂರಬಹುದು. ಯಂತ್ರವಿರುವ ಒಳಗಿನ ಭಾಗಕ್ಕೂ ಈ ಕೋಣೆಗೂ ನಡುವೆ ಒಂದು ನೀಲಿ ಪರದೆ. ಆ ಪರದೆಯನ್ನು ದಾಟಬಾರದೆಂಬುದು ಎಲ್ಲರೂ ಪಾಲಿಸುವ ಮರ್ಯಾದೆ. ಅಲ್ಲಿಗೆ ಬರುವ ಕವಿಯೊಬ್ಬನು ಶ್ರೀಕೃಷ್ಣನ ಚರಿತ್ರೆಯನ್ನು ಒಂದೇ ಉಚ್ಚಾರಾಂಶದ ಪದಗಳಿಂದ ಪದ್ಯವಾಗಿ ರಚಿಸುತ್ತಿದ್ದಾನೆ. ನಟರಾಜನು ಈ ಕವಿಯನ್ನು ಹಾಸ್ಯಕ್ಕೆ ಗುರಿಮಾಡಿದರೂ ಕೈಬಿಡುವುದಿಲ್ಲ. ಅವನು ಹಣದ ಲೆಕ್ಕವನ್ನು ಮರೆತು ಕಾಯುತ್ತಾನೆ. ಕಾವ್ಯದಲ್ಲಿ ರಾಧಾಕೃಷ್ಣರ ಕಲ್ಯಾಣವಾಗುವ ಘಟ್ಟವು ಬಂದಾಗ ದೇವಸ್ಥಾನದ ಉತ್ಸವಕ್ಕೇ ಏರ್ಪಾಡು ಮಾಡುತ್ತಾನೆ. ವಾಸು ಎಂಬ ದುಷ್ಟನ ಪ್ರವೇಶವನ್ನು ನಾರಾಯಣರು ಸೂಚಿಸುವ ಬಗೆ ಗಮನಾರ್ಹ. ಅವನು ಮೊದಲ ಭೇಟಿಯಲ್ಲೇ ಆ ನೀಲಿ ಪರದೆಯನ್ನು ಸರಿಸಿ ಒಳಗೆ ನುಗ್ಗುತ್ತಾನೆ. ಬರೆಯುವವನಿಗೂ ಅಚ್ಚುಮಾಡುವವನಿಗೂ ನಡುವೆ ಇರಬೇಕಾದ ನಂಬಿಕೆಯನ್ನು ಆ ಪರದೆಯಷ್ಟು ಮಿತವಾಗಿ ಹೇಳಿದ ಉಪಕರಣವನ್ನು ನಮ್ಮ ಕಥಾಸಾಹಿತ್ಯದಲ್ಲಿ ಬೇರೆ ಕಡೆ ಕಾಣುವುದು ಕಷ್ಟ.

ಲಂಡನ್ನಿನ ಮೊದಲ ಓದುಗನು ನಾರಾಯಣರಿಗೆ ಹೆಸರನ್ನು ಕೊಟ್ಟನು. ಮೈಸೂರಿನ ಮೊದಲ ಓದುಗನು ಕಥಾವಸ್ತುವನ್ನು ಕೊಟ್ಟನು.

೩

ನಾರಾಯಣರಿಗೆ ಯುದ್ಧದ ಕಾರಣದಿಂದ ಒದಗಿದ ಈ ಸ್ಥಿತಿಯು ದೇಶಭಾಷೆಗಳಲ್ಲಿ ಬರೆಯುವವರಿಗೆ ಮೊದಲಿನಿಂದಲೂ ಸಹಜವಾದುದಾಗಿತ್ತು. ಕನ್ನಡದ ಆದ್ಯ ಸಾಮಾಜಿಕ ಕಾದಂಬರಿಗಳಲ್ಲೊಂದಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟಿತು. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಉತ್ತರ ಕರ್ಣಾಟಕದಲ್ಲಿ ಇಂದಿಗೂ ಮನೆಮಾತು. ಅವರ ಗದ್ಯದಲ್ಲಿ ‘ವಾಚಕರೇ’ ಎಂದು ಕರೆದು ಕೈಹಿಡಿದು ನಡೆಸುವ ಧಾಟಿಯಿದೆ. ಅದನ್ನು ಹಳೆಯ ಕಾಲದ ಅಲಂಕಾರವೆಂದು ತಳ್ಳಿಹಾಕುವ ಮುನ್ನ, ಆ ವಾಚಕನ ಮನೆಯ ಜಗಲಿಯನ್ನು ಲೇಖಕನು ಕಣ್ಣಾರೆ ಕಂಡಿದ್ದನೆಂಬುದನ್ನು ನೆನೆಯಬೇಕು.

ಇದಕ್ಕಿಂತ ಮಹತ್ತ್ವದ ನಿದರ್ಶನವು ಧಾರವಾಡದ ಮನೋಹರ ಗ್ರಂಥಮಾಲೆಯದು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಈ ಮಾಲೆಯಲ್ಲಿ ಚಂದಾದಾರನು ಹಣವನ್ನು ಮೊದಲು ಕೊಡುತ್ತಾನೆ. ಪುಸ್ತಕಗಳು ಅನಂತರ ಬರುತ್ತವೆ. ಯಾವ ಪುಸ್ತಕ ಬರುವುದೆಂಬುದು ಅವನ ಆಯ್ಕೆಯಲ್ಲ. ಆಯ್ಕೆಯ ಭಾರವನ್ನು ಅವನು ಸಂಪಾದಕರಿಗೆ ಒಪ್ಪಿಸಿರುತ್ತಾನೆ. ಈ ಏರ್ಪಾಡಿನ ಸಾಹಿತ್ಯಕ ಫಲವನ್ನು ನಾವು ಸಾಕಷ್ಟು ವಿವೇಚಿಸಿಲ್ಲ. ಅಂಗಡಿಯಲ್ಲಿ ಪುಸ್ತಕವನ್ನು ತಿರುವಿಹಾಕಿ ಕೊಳ್ಳುವ ಗಿರಾಕಿಯು ತನಗೆ ಬೇಕಾದುದನ್ನೇ ಕೊಳ್ಳುತ್ತಾನೆ. ಮಾಲೆಯ ಚಂದಾದಾರನು ತನಗೆ ಬೇಡವಾಗಿದ್ದುದನ್ನೂ ಓದಬೇಕಾಗುತ್ತದೆ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಬರೆದ ‘ಸಂಸ್ಕಾರ’ವು ೧೯೬೫ರಲ್ಲಿ ಈ ಮಾಲೆಯಲ್ಲಿ ಪ್ರಕಟವಾಯಿತು. ಅಗ್ರಹಾರದ ಆಚಾರವನ್ನು ಅಷ್ಟು ಕಠೋರವಾಗಿ ಪರೀಕ್ಷಿಸಿದ ಆ ಕಾದಂಬರಿಯು ಮೊದಲು ಹೋಗಿ ಸೇರಿದವರಲ್ಲಿ, ತಾವಾಗಿ ಅಂಥದನ್ನು ಎಂದೂ ಕೊಳ್ಳಲಾರದವರೂ ಇದ್ದಿರಬೇಕೆಂದು ಊಹಿಸುವುದು ಅನುಚಿತವಲ್ಲ. ಅದರ ಸುತ್ತ ಎದ್ದ ವಾದವಿವಾದಗಳು ಪುಸ್ತಕವನ್ನು ಓದಿದವರ ನಡುವಿನ ವಾದವಿವಾದಗಳಾದುದಕ್ಕೆ ಈ ಏರ್ಪಾಡೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದವು ಗ್ರಂಥವಾದದ್ದು ೧೯೭೬ರಲ್ಲಿ. ಅಷ್ಟು ಹೊತ್ತಿಗೆ ಕೃತಿಯ ಮೊದಲ ಹುಟ್ಟು ಮುಗಿದು ಹನ್ನೊಂದು ವರ್ಷಗಳಾಗಿದ್ದುವು.

ಚಂದಾದಾರನ ಈ ಉದಾರವಾದ ನಂಬಿಕೆಯು ಲೇಖಕನಿಗೆ ಕೊಡುವ ಆಶ್ರಯವು ಎಷ್ಟು ದೊಡ್ಡದೆಂಬುದು, ಅಂಥ ನಂಬಿಕೆಯು ಮುರಿದುಬಿದ್ದ ಒಂದು ಪ್ರಸಂಗವನ್ನು ನೋಡಿದಾಗ ಸ್ಪಷ್ಟವಾಗುತ್ತದೆ. ಅದು ನೆರೆಯ ತಮಿಳುನಾಡಿನದು.

೪

ಪೆರುಮಾಳ್ ಮುರುಗನ್ನರ ‘ಮಾದೊರುಬಾಗನ್’ ಕಾದಂಬರಿಯು ತಮಿಳಿನಲ್ಲಿ ೨೦೧೦ರಲ್ಲಿ ಪ್ರಕಟವಾಯಿತು. ತಿರುಚ್ಚೆಂಗೋಡಿನ ಅರ್ಧನಾರೀಶ್ವರನ ರಥೋತ್ಸವದ ಹಿನ್ನೆಲೆಯಲ್ಲಿ, ಮಕ್ಕಳಿಲ್ಲದ ಕಾಳಿ ಮತ್ತು ಪೊನ್ನಾ ಎಂಬ ದಂಪತಿಗಳ ಕಥೆಯದು. ಉತ್ಸವದ ಒಂದು ರಾತ್ರಿ ಬಂಜೆಯೆನಿಸಿದವಳು ಪರಪುರುಷನಿಂದ ಸಂತಾನವನ್ನು ಪಡೆಯಬಹುದೆಂಬ ಹಿಂದಿನ ಕಾಲದ ರೂಢಿಯೊಂದು ಅಲ್ಲಿ ದಾಂಪತ್ಯವನ್ನು ಸೀಳುವ ಅಲಗಾಗುತ್ತದೆ. ಕಾದಂಬರಿಯು ನಾಲ್ಕು ವರ್ಷಗಳ ಕಾಲ ಸಾಹಿತ್ಯಾಸಕ್ತರ ನಡುವೆ ಶಾಂತವಾಗಿ ಸಂಚರಿಸಿತು. ೨೦೧೩ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದಿತು. ೨೦೧೪ರ ಕಡೆಯಲ್ಲಿ, ಇಡೀ ಕೃತಿಯನ್ನು ಬಿಟ್ಟು ಅದರ ಒಂದು ಭಾಗವನ್ನೇ ಹಿಡಿದು ಪ್ರತಿಭಟನೆಗಳು ನಡೆದುವು, ಪುಸ್ತಕವನ್ನು ಸುಟ್ಟರು. ೨೦೧೫ರ ಜನವರಿಯಲ್ಲಿ ಜಿಲ್ಲಾಡಳಿತವು ಕರೆದ ಸಂಧಾನಸಭೆಯಾದ ಬಳಿಕ, ಲೇಖಕನಾದ ಪೆರುಮಾಳ್ ಮುರುಗನ್ ಸತ್ತನೆಂದೂ ಇನ್ನು ಮುಂದೆ ಅಧ್ಯಾಪಕನಾಗಿ ಮಾತ್ರ ಬದುಕುವೆನೆಂದೂ ಅವರು ಪ್ರಕಟಿಸಿದರು. ತಮ್ಮ ಗ್ರಂಥಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವುದಾಗಿಯೂ, ಪ್ರಕಾಶಕರ ನಷ್ಟವನ್ನು ತುಂಬಿಕೊಡುವುದಾಗಿಯೂ ತಿಳಿಸಿದರು. ೨೦೧೬ರ ಜುಲೈ ೫ರಂದು ಮದ್ರಾಸ್ ಉಚ್ಚನ್ಯಾಯಾಲಯವು ಆ ಸಂಧಾನಕ್ಕೆ ಬಂಧಕಶಕ್ತಿಯಿಲ್ಲವೆಂದು ತೀರ್ಪಿತ್ತು, ಲೇಖಕನು ಮರಳಿ ಬರೆಯಲೆಂದು ಹಾರೈಸಿತು.

ಈ ಸಂಗತಿಯನ್ನು ಅಭಿವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆಯಾಗಿ ಬಹುಮಂದಿ ಚರ್ಚಿಸಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಹುಟ್ಟಿಗೆ ಸಾಕ್ಷಿಯಾದ ಓದುಗರು ಇದ್ದರು. ಸಾವಿಗೆ ಕಾರಣರಾದವರು ಆ ಓದುಗರಲ್ಲ. ಇವರು ಕೃತಿಯು ಪ್ರಕಟವಾಗಿ ವರ್ಷಗಳಾದಮೇಲೆ ಮೊದಲ ಓದುಗನ ಸ್ಥಾನಕ್ಕೆ ತಾವೇ ಏರಿ, ಪ್ರಕಟನೆಯನ್ನೇ ಇಲ್ಲವೆನಿಸುವ ಅಧಿಕಾರವನ್ನು ಕೇಳಿದರು. ರಾಜಶೇಖರನ ನಾಲ್ಕು ಬಗೆಗಳಲ್ಲಿ ಇವರಿಗೆ ಸ್ಥಳವಿಲ್ಲ. ಆತನ ಮತ್ಸರಿಯೂ ಅರೋಚಕಿಯೂ ಕಡೆಗೆ ಓದುವವರೇ. ಓದದೆ ತೀರ್ಪುಕೊಡುವ ಐದನೆಯವನನ್ನು ಆತನು ಊಹಿಸಲಿಲ್ಲ.

ಇದರ ಗುರುತು ಮುಂದಿನ ಕೃತಿಯಲ್ಲಿ ಬಿದ್ದಿದೆಯೇ? ಬಿದ್ದಿದೆ. ಮೌನವನ್ನು ಮುರಿದು ಮುರುಗನ್ನರು ಬರೆದ ಕಾದಂಬರಿ ೨೦೧೬ರ ‘ಪೂನಾಚ್ಚಿ’. ಒಂದು ಕರಿಯ ಮೇಕೆಯ ಕಥೆ. ಮನುಷ್ಯರನ್ನು ಕುರಿತು ಬರೆಯಲು ಭಯ, ದೇವರುಗಳನ್ನು ಕುರಿತು ಬರೆಯಲು ಇನ್ನೂ ಭಯ, ಹಸುವೂ ಹಂದಿಯೂ ಬೇಡ, ಉಳಿದದ್ದು ಮೇಕೆ ಎಂಬ ಅರ್ಥದ ಮಾತನ್ನು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಕಥೆಯ ಒಳಗೆ ಮೇಕೆಯ ಮರಿಯನ್ನು ಸರಕಾರದ ಕಚೇರಿಗೆ ಒಯ್ದು, ಸರತಿಯಲ್ಲಿ ನಿಂತು, ಕಿವಿ ಚುಚ್ಚಿಸಿ ಗುರುತು ಹಾಕಿಸಬೇಕು. ಎಲ್ಲಿಂದ ಬಂತು, ಹೇಗೆ ಹುಟ್ಟಿತು ಎಂಬ ಪ್ರಶ್ನೆಗಳಿಗೆ ಒಡೆಯರು ನಡುಗುತ್ತ ಉತ್ತರ ಹೇಳಬೇಕು. ‘ಮಾದೊರುಬಾಗನ್’ನ ನಿರೂಪಕನು ಮನುಷ್ಯರ ಹಾಸಿಗೆಯ ಬಳಿಗೂ ಸಂಕೋಚವಿಲ್ಲದೆ ಹೋಗುತ್ತಿದ್ದನು, ‘ಪೂನಾಚ್ಚಿ’ಯ ನಿರೂಪಕನು ಮೂಕಪ್ರಾಣಿಯ ಮರೆಯಲ್ಲಿ ನಿಂತು ಮಾತನಾಡುತ್ತಾನೆ. ನೀತಿಕಥೆಯ ರೂಪವು ಇಲ್ಲಿ ಲೇಖಕನ ಅಭಿರುಚಿಯಿಂದ ಮಾತ್ರ ಬಂದುದಲ್ಲ. ಕಚೇರಿಯ ಮುಂದೆ ನಿಂತ ಅನುಭವದಿಂದ ಬಂದುದು. ಆದರೂ ಅದು ಸೋತವನ ಬರೆಹವಲ್ಲ. ಹೆದರಿಕೆಯನ್ನೇ ನೋಡುವ ಕಣ್ಣಾಗಿ ಮಾಡಿಕೊಂಡುದು ಅದರ ಗುಣ.

೫

ಪ್ರಕಟನೆಯ ಅನುಭವವು ನಿರೂಪಣೆಯ ಆಕಾರವನ್ನೇ ನಿರ್ಣಯಿಸಬಲ್ಲುದೆಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ಈಚೆಗೆ ಒಂದು ದೊಡ್ಡ ನಿದರ್ಶನ ಒದಗಿದೆ. ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು; ಅದಕ್ಕೆ ೨೦೨೫ರ ಮೇ ೨೦ರಂದು ಅಂತಾರಾಷ್ಟ್ರೀಯ ಬೂಕರ್ ಬಹುಮಾನ ದೊರೆಯಿತು. ಕನ್ನಡಕ್ಕೆ ಈ ಬಹುಮಾನವು ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಗ್ರಹವೊಂದಕ್ಕೆ ಬಂದದ್ದೂ ಅದೇ ಮೊದಲು. ನಾಡು ಸಂತೋಷಪಟ್ಟಿತು, ಅದು ಯುಕ್ತವೇ. ಆದರೆ ಆ ಸಂತೋಷದ ನಡುವೆ, ಲೇಖಕಿಯೊಬ್ಬರು ಅಂದೇ ಹುಟ್ಟಿದರೋ ಎಂಬಂತೆ ಆಡಿದ ಮಾತುಗಳೂ ಕೇಳಿಬಂದುವು. ವಿಮರ್ಶೆಯು ಒಪ್ಪಬಾರದ ಮಾತಿದು.

ಬಾನು ಮುಷ್ತಾಕರ ಮೊದಲ ಕಥೆಯು ಅಚ್ಚಾದದ್ದು ‘ಪ್ರಜಾಮತ’ದಲ್ಲಿ. ಹಾಸನದಲ್ಲಿದ್ದುಕೊಂಡು ಅವರು ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿ ಬರೆದರು, ಅನಂತರ ವಕೀಲರಾದರು. ಬಂಡಾಯ ಸಾಹಿತ್ಯದ ಚಳವಳಿಯಲ್ಲಿ ಬೆಳೆದರು. ಪ್ರಶಸ್ತಿ ಪಡೆದ ಸಂಗ್ರಹದ ಕಥೆಗಳು ೧೯೯೦ರಿಂದ ೨೦೨೩ರವರೆಗಿನವು. ಎಂದರೆ ವರದಿಗಾರಿಕೆಯ ಅನುಭವವು ಹಿಂದಕ್ಕೆ ನಿಂತ ಮೇಲೆ ಬರೆದವು. ಅವರ ಮೊದಲ ಓದುಗನು ಲಂಡನ್ನಿನ ಬಹುಮಾನ ಸಮಿತಿಯ ಸದಸ್ಯನಲ್ಲ. ವಾರಪತ್ರಿಕೆಯನ್ನು ಬಸ್ ನಿಲ್ದಾಣದಲ್ಲಿ ಕೊಂಡು, ಅದರಲ್ಲಿ ಅನ್ಯಾಯದ ಸುದ್ದಿಯನ್ನು ಹುಡುಕುವ ಕನ್ನಡಿಗನು. ಅಂಥವನಿಗೆ ಬರೆಯುವವರು ಪೀಠಿಕೆಯನ್ನು ಹಾಕುವುದಿಲ್ಲ. ಯಾರಿಗೆ ಏನಾಯಿತು, ಯಾರು ಹೊಣೆ, ಯಾರು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ನೇರವಾಗಿ ಮುಂದಿಡುತ್ತಾರೆ.

ಈ ಕಥೆಗಳ ರೂಪವನ್ನು ಒಂದೇ ಪದದಲ್ಲಿ ಹೇಳಬೇಕಾದರೆ ಅದು ‘ಅರ್ಜಿ’. ‘ಕರಿ ನಾಗರಗಳು’ ಕಥೆಯಲ್ಲಿ ಗಂಡನಿಂದ ಪರಿತ್ಯಕ್ತಳಾದ ಆಶ್ರಫಳು ಕಾಯಿಲೆಯ ಕೂಸನ್ನು ಎತ್ತಿಕೊಂಡು ಮಸೀದಿಯ ಮುತವಲ್ಲಿಯ ಬಳಿ ನ್ಯಾಯವನ್ನು ಬೇಡುತ್ತಾಳೆ. ಅರ್ಜಿಯು ಕೈಯಿಂದ ಕೈಗೆ ಜಾರುತ್ತದೆ. ತೀರ್ಪು ಬರುವುದರೊಳಗೆ ಕೂಸು ಹೋಗುತ್ತದೆ. ಗಿರೀಶ ಕಾಸರವಳ್ಳಿಯವರ ೨೦೦೪ರ ‘ಹಸೀನಾ’ ಚಿತ್ರಕ್ಕೆ ಆಧಾರವಾದದ್ದು ಈ ಕಥೆಯೇ. ‘ಎದೆಯ ಹಣತೆ’ಯಲ್ಲಿ ಮೆಹರುನ್ ತನ್ನ ಅಹವಾಲನ್ನು ತವರಿನವರ ಮುಂದಿಡುತ್ತಾಳೆ, ಅವರು ಅವಳನ್ನು ಗಂಡನ ಮನೆಗೆ ಹಿಂದಿರುಗಿಸುತ್ತಾರೆ. ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೊರಟವಳ ಮೊರೆಯನ್ನು ಕಡೆಗೆ ಕೇಳಿಸಿಕೊಳ್ಳುವವಳು ಅವಳ ಮಗಳು. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬುದಂತೂ ಆದ್ಯಂತವಾಗಿ ದೇವರಿಗೇ ಸಲ್ಲಿಸಿದ ಮೊರೆ. ಮುತವಲ್ಲಿ, ತವರು, ದೇವರು: ಹೀಗೆ ಅರ್ಜಿಯು ಕೆಳಗಿನ ಕಚೇರಿಯಿಂದ ಮೇಲಿನ ಕಚೇರಿಗೆ ಏರುತ್ತ ಹೋಗುತ್ತದೆ. ಪ್ರತಿಯೊಂದು ಕಥೆಯಲ್ಲಿಯೂ ಕಥೆಯೊಳಗಿನ ನ್ಯಾಯಾಧಿಪತಿಯು ಕಿವುಡನಾದಾಗ, ಅರ್ಜಿಯನ್ನು ಓದುವ ಹೊಣೆಯು ತಾನಾಗಿ ಓದುಗನ ಮೇಲೆ ಬೀಳುತ್ತದೆ.

ಈ ಕಥೆಗಳಲ್ಲಿ ವಾಚ್ಯತೆಯು ಹೆಚ್ಚು, ಧ್ವನಿಯು ಕಡಮೆ ಎಂಬ ಆಕ್ಷೇಪವುಂಟು. ಆಕ್ಷೇಪವು ಸಂಪೂರ್ಣವಾಗಿ ನಿರಾಧಾರವಲ್ಲ. ಕೆಲವು ಕಥೆಗಳಲ್ಲಿ ಲೇಖಕಿಯು ತಾನೇ ಎದ್ದು ವಾದಿಸುತ್ತಾರೆ. ಆದರೆ ಅರ್ಜಿಯನ್ನು ಭಾವಗೀತೆಯ ಅಳತೆಗೋಲಿನಿಂದ ಅಳೆಯುವುದು ಸಲ್ಲದು. ಇಲ್ಲಿ ಧ್ವನಿಯಿರುವುದು ವಾಕ್ಯಗಳಲ್ಲಲ್ಲ. ಯಾರಿಗೆ ಹೇಳಬೇಕಾದುದನ್ನು ಯಾರಿಗೆ ಹೇಳಲಾಗುತ್ತಿದೆ ಎಂಬುದರಲ್ಲಿ. ವಾರಪತ್ರಿಕೆಯ ಓದುಗನನ್ನು ಮರೆತು ಈ ಕಥೆಗಳನ್ನು ಓದಿದರೆ ಅವುಗಳ ಬಲವು ದೋಷವಾಗಿ ಕಾಣುತ್ತದೆ.

ದೀಪಾ ಭಾಸ್ತಿಯವರ ಅನುವಾದದ ಶ್ರೇಯಸ್ಸು ಇಲ್ಲಿಯೇ ಇದೆ. ಅವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆಯಕ್ಷರಗಳಲ್ಲಿ ಬೇರ್ಪಡಿಸಲಿಲ್ಲ; ಅಡಿಟಿಪ್ಪಣಿಗಳನ್ನೂ ಕೊಡಲಿಲ್ಲ. ಎಂದರೆ ಅರ್ಜಿಯ ವಿಳಾಸವನ್ನು ಬದಲಿಸಲಿಲ್ಲ. ಪರದೇಶದ ಓದುಗನು ಹಾಸನದ ಓಣಿಯ ಮಾತನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕೇ ಹೊರತು, ಅವನಿಗಾಗಿ ಓಣಿಯು ತನ್ನ ಮಾತನ್ನು ತಿದ್ದಿಕೊಳ್ಳುವುದಿಲ್ಲ. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುವ ಆ ಬಹುಮಾನದ ನಿಯಮವು ಈ ಕಾರ್ಯದ ಘನತೆಗೆ ತಕ್ಕುದೇ ಆಗಿದೆ.

೬

ಇಂದು ಕನ್ನಡದಲ್ಲಿ ಮೊದಲ ಗ್ರಂಥವನ್ನು ಹೊರತರುವವನು ಯಾರ ಬಾಗಿಲಿಗೆ ಹೋಗುತ್ತಾನೆ? ಮೂರು ಬಾಗಿಲುಗಳು ಕಾಣುತ್ತವೆ. ಮೊದಲನೆಯದು ಲೇಖಕರೇ ತೆರೆದ ಬಾಗಿಲು. ವಸುಧೇಂದ್ರರು ೨೦೦೪ರಲ್ಲಿ ಆರಂಭಿಸಿದ ಛಂದ ಪುಸ್ತಕವು ಹೊಸಬರಿಂದ ಕಥೆಗಳ ಹಸ್ತಪ್ರತಿಗಳನ್ನು ಆಹ್ವಾನಿಸಿ, ಹಿರಿಯ ಲೇಖಕರೊಬ್ಬರಿಂದ ಪರೀಕ್ಷೆಮಾಡಿಸಿ, ಬಹುಮಾನಿತವಾದುದನ್ನು ಪ್ರಕಟಿಸುತ್ತ ಬಂದಿದೆ. ಇಲ್ಲಿ ಮೊದಲ ಓದುಗನು ಸಹವೃತ್ತಿಯವನು. ಇದರ ಪರಿಣಾಮವೊಂದನ್ನು ಗಮನಿಸಬಹುದು. ವಿಶೇಷಾಂಕದ ಸ್ಪರ್ಧೆಗೆ ಕಳುಹಿಸುವ ಕಥೆಯು ಒಂಟಿಯಾಗಿ ಗೆಲ್ಲಬೇಕು. ಆದುದರಿಂದ ಅದರ ಮುಕ್ತಾಯಕ್ಕೆ ಬಿಗಿ ಹೆಚ್ಚು. ಇಡೀ ಹಸ್ತಪ್ರತಿಯೇ ಪರೀಕ್ಷೆಗೆ ಒಳಗಾದಾಗ ಕಥೆಕಥೆಗಳ ನಡುವಿನ ಸಂಬಂಧವೂ ತೂಕಕ್ಕೆ ಬರುತ್ತದೆ. ಒಂದು ಕಥೆಯು ತೆರೆದಂತೆಯೇ ಮುಗಿಯುವ ಧೈರ್ಯವನ್ನು ತೋರಬಹುದು.

ಎರಡನೆಯದು ಯಾರೂ ಕಾಯದ ಬಾಗಿಲು. ೨೦೧೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಂಥ ಅಂತರ್ಜಾಲ ವೇದಿಕೆಗಳಲ್ಲಿ ಲೇಖಕನು ಬರೆದೊಡನೆ ಪ್ರಕಟವಾಗುತ್ತದೆ, ಓದುಗನ ಅಭಿಪ್ರಾಯವು ಕಂತುಕಂತಿಗೂ ಬಂದು ಸೇರುತ್ತದೆ. ಹಿಂದೆ ಬಾಗಿಲ ಬಳಿಗೇ ಬರಲಾರದಿದ್ದ ಅನೇಕರು, ವಿಶೇಷವಾಗಿ ಗೃಹಿಣಿಯರು, ಇದರಿಂದ ಬರೆಹಗಾರರಾಗಿದ್ದಾರೆ. ಇದನ್ನು ಕೀಳಾಗಿ ಕಾಣುವುದು ವಿಮರ್ಶಕನ ಜಂಬವಾದೀತು. ಆದರೆ ಒಲ್ಲೆನೆನ್ನುವವರು ಯಾರೂ ಇಲ್ಲದ ಎಡೆಯಲ್ಲಿ ಸತೃಣಾಭ್ಯವಹಾರಿಯೊಬ್ಬನೇ ಮೊದಲ ಓದುಗನಾಗಿ ನಿಲ್ಲುವ ಅಪಾಯವುಂಟು. ಅವನ ಹಸಿವನ್ನು ತಣಿಸಲು ಕಥೆಯು ಕಂತುಕಂತಿಗೂ ಕುತೂಹಲವನ್ನು ಕೆರಳಿಸುತ್ತ ಉದ್ದವಾಗುತ್ತ ಹೋಗುತ್ತದೆ.

ಮೂರನೆಯ ಬಾಗಿಲನ್ನು ನ್ಯಾಯವಾಗಿ ಬಾಗಿಲೆನ್ನಲಾಗದು. ೧೯೬೭ರ ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಯಲ್ಲಿ ನಾರಾಯಣರು ಇದನ್ನು ಹಾಸ್ಯವಾಗಿ ಕಂಡಿದ್ದರು. ಮಿಠಾಯಿ ವ್ಯಾಪಾರಿ ಜಗನ್ನನ ಮಗ ಮಾಲಿಯು ಕಾದಂಬರಿಕಾರನಾಗಬೇಕೆಂದು ಓದನ್ನು ಬಿಡುತ್ತಾನೆ. ಒಂದು ಸಾಲನ್ನೂ ಬರೆಯದೆ ಅಮೆರಿಕಕ್ಕೆ ಹೋಗಿ, ಕಥೆ ಬರೆಯುವ ಯಂತ್ರದ ಯೋಜನೆಯನ್ನು ಹಿಡಿದು ಬರುತ್ತಾನೆ. ಪಾತ್ರಗಳಿಷ್ಟು, ಭಾವವಿಂಥದು ಎಂದು ಗುಂಡಿಗಳನ್ನು ತಿರುಗಿಸಿದರೆ ಕಥೆ ಸಿದ್ಧ. ಅದೇ ಕಾದಂಬರಿಯಲ್ಲಿ ತಂದೆಯು ಪ್ರಕೃತಿಚಿಕಿತ್ಸೆಯನ್ನು ಕುರಿತು ಬರೆದ ಹಸ್ತಪ್ರತಿಯು ನಟರಾಜನ ಅಚ್ಚುಕೂಟದಲ್ಲಿ ವರ್ಷಗಟ್ಟಲೆ ಬಿದ್ದಿದೆ; ಅವನು ತಾಳ್ಮೆಯಿಂದ ಕಾಯುತ್ತಿದ್ದಾನೆ. ೨೦೨೨ರಿಂದೀಚೆಗೆ ಗಣಕಯಂತ್ರವು ಕೇಳಿದೊಡನೆ ಕಥೆಯನ್ನು ಹೆಣೆದುಕೊಡುವುದು ಸಾಮಾನ್ಯವಾಗಿರುವಾಗ, ತಂದೆಮಕ್ಕಳ ಈ ಜೋಡಿಚಿತ್ರವು ಹಾಸ್ಯವಾಗಿ ಮಾತ್ರ ಉಳಿದಿಲ್ಲ. ಯಂತ್ರದ ಕಥೆಯಲ್ಲಿ ಭಾಷೆಯು ತಪ್ಪಿಲ್ಲದೆ ಇರಬಹುದು. ಆದರೆ ಅದಕ್ಕೆ ಕಾಯುವುದು ತಿಳಿಯದು. ಯಾರು ಒಲ್ಲೆನೆಂದರೂ ಅದಕ್ಕೆ ನೋವಿಲ್ಲ. ನೋವಿಲ್ಲದೆಡೆ ಮುಂದಿನ ಕೃತಿಯಲ್ಲಿ ಗುರುತು ಬೀಳುವ ಸಂಭವವೂ ಇಲ್ಲ. ಜಗನ್ನನ ಪುಸ್ತಕವು ಎಂದೂ ಅಚ್ಚಾಗದಿರಬಹುದು. ಆದರೂ ಇಬ್ಬರಲ್ಲಿ ಗ್ರಂಥಕರ್ತನೆಂದರೆ ಅವನೇ.

ಇದುವರೆಗಿನ ವಿವೇಚನೆಯಿಂದ ಅಧ್ಯಾಪಕರಿಗೆ ಒಂದು ಪ್ರಯೋಜನವುಂಟೆಂದು ನಂಬಿದ್ದೇನೆ. ಕಥೆಯೊಂದನ್ನು ತರಗತಿಯಲ್ಲಿ ಎತ್ತಿಕೊಳ್ಳುವಾಗ ಅದು ಮೊದಲು ಎಲ್ಲಿ ಅಚ್ಚಾಯಿತು, ಅದನ್ನು ಅಚ್ಚಿಗೆ ತಕ್ಕುದೆಂದು ಒಪ್ಪಿದವರು ಯಾರು, ಲೇಖಕನು ಅವರ ಪರಿಚಯವಾದ ಮೇಲೆ ಏನನ್ನು ಬೇರೆ ರೀತಿಯಾಗಿ ಬರೆದನು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಪಠ್ಯಪುಸ್ತಕಗಳು ಕಥೆಗಳನ್ನು ಅವುಗಳ ಪತ್ರಿಕೆಗಳಿಂದ ಕಿತ್ತು ಕೊಡುತ್ತವೆ. ಬೇರಿನ ಮಣ್ಣನ್ನು ಹುಡುಕಿ ತರುವ ಕೆಲಸವು ಅಧ್ಯಾಪಕನದು, ಸಂಶೋಧಕನದು. ಹಳೆಯ ವಾರಪತ್ರಿಕೆಗಳ, ಗ್ರಂಥಮಾಲೆಗಳ ಸಂಪುಟಗಳನ್ನು ಕಾಪಾಡುವುದು ಈ ಕಾರಣದಿಂದ ಗ್ರಂಥಭಂಡಾರಗಳ ಕರ್ತವ್ಯವಾಗುತ್ತದೆ.

ಇನ್ನೊಂದು ಹೊಣೆಯು ನಮ್ಮೆಲ್ಲರದು. ಬಹುಮಾನ ಸಮಿತಿಗಳು ಕೃತಿಗೆ ಎರಡನೆಯ ಜನ್ಮವನ್ನೋ ಮೂರನೆಯ ಜನ್ಮವನ್ನೋ ಕೊಡಬಲ್ಲವು. ಮೊದಲ ಜನ್ಮವನ್ನು ಕೊಡಲಾರವು. ಮೈಸೂರಿನ ಮುದ್ರಕ, ಧಾರವಾಡದ ಚಂದಾದಾರ, ಬಸ್ ನಿಲ್ದಾಣದಲ್ಲಿ ವಾರಪತ್ರಿಕೆ ಕೊಂಡವನು ಇವರು ತಂತಮ್ಮ ಸರದಿಯನ್ನು ನಿರ್ವಹಿಸಿದುದರಿಂದಲೇ ಸಮಿತಿಗಳಿಗೆ ಓದಲು ಏನಾದರೂ ದೊರೆಯಿತು. ಹೊಸಬನ ಹಸ್ತಪ್ರತಿಯು ನಮ್ಮ ಕೈಗೆ ಬಂದಾಗ ಅದನ್ನು ಪೂರ್ತಿಯಾಗಿ ಓದಿ, ಒಪ್ಪುವುದಾದರೆ ಒಪ್ಪಿ, ಒಲ್ಲೆವಾದರೆ ಕಾರಣವನ್ನು ಹೇಳಿ ಹಿಂದಿರುಗಿಸುವಷ್ಟು ತಾಳ್ಮೆಯು ಕನ್ನಡ ನಾಡಿನಲ್ಲಿ ಉಳಿದಿರುವವರೆಗೆ ಇಲ್ಲಿ ಗ್ರಂಥಕರ್ತರ ಹುಟ್ಟು ನಿಲ್ಲಲಾರದು.